ಗೌಟ್‌ಗೆ ಮಾತ್ರೆ ಆರಂಭಿಸಿದ ಮೇಲೆ ನೋವು ಮರುಕಳಿಸಿದೆ, ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ (ಕುಂದಾಪುರದ ಕಡೆಯಿಂದ):
ನಮ್ಮ ತಂದೆಯವರಿಗೆ 58 ವರ್ಷ. ಆಗಾಗ ಅವರ ಎಡಗಾಲಿನ ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿಕೊಂಡು, ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ತಾನಾಗಿಯೇ ಇಳಿಯುತ್ತಿತ್ತು. ಈ ಸಲ ಯೂರಿಕ್ ಆಸಿಡ್ 8.9 ಇದ್ದುದರಿಂದ ವೈದ್ಯರು ಇದು ಗೌಟ್ ಎಂದು ಹೇಳಿ, ನೋವು ಇಳಿದ ಮೇಲೆ ಅಲೋಪ್ಯೂರಿನಾಲ್ 100 ಮಿಲಿಗ್ರಾಂ ಮಾತ್ರೆ ಕೊಟ್ಟರು. ಕೆಲವೇ ದಿನಗಳಲ್ಲಿ ನೋವು ಮತ್ತೆ ಬಂತು, ಅದೂ ಮೊಣಕಾಲಿಗೆ. ಮಾತ್ರೆ ತಮಗೆ ಆಗಿಬರಲಿಲ್ಲವೆಂದು ಅಪ್ಪ ಅದನ್ನು ಬಿಟ್ಟಿದ್ದಾರೆ. ಬೇಳೆ, ಬಸಳೆ, ಟೊಮೆಟೊ ಎಲ್ಲವನ್ನೂ ಬಿಡಬೇಕೆಂದು ನೆಂಟರು ಹೇಳುತ್ತಿದ್ದಾರೆ. ರಕ್ತದೊತ್ತಡದ ಮಾತ್ರೆಯನ್ನೂ ಅವರು ದಿನವೂ ತೆಗೆದುಕೊಳ್ಳುತ್ತಾರೆ. ಮುಂದೇನು ಮಾಡಬೇಕು?

ಉತ್ತರ (ಸಾಮಾನ್ಯ ವೈದ್ಯ):
ಯೂರಿಕ್ ಆಮ್ಲವು ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 6.8 ಮಿಲಿಗ್ರಾಂ ದಾಟಿದಾಗ ಪೂರ್ತಿ ಕರಗಿರಲಾರದೆ, ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ವರ್ಷಗಟ್ಟಲೆ ಶೇಖರವಾಗುತ್ತದೆ. ಈ ಶೇಖರಣೆಯೇ ನಿಜವಾದ ಕಾಯಿಲೆ. ನೋವು ಅದರ ಮೇಲೆ ದೇಹದ ರಕ್ಷಣಾ ಕೋಶಗಳು ಆಗಾಗ ಹರಿಹಾಯುವುದರ ಫಲ. ಅಲೋಪ್ಯೂರಿನಾಲ್ ಆಮ್ಲದ ಉತ್ಪತ್ತಿಯನ್ನು ತಗ್ಗಿಸುತ್ತಿದ್ದಂತೆ ಹಳೆಯ ಹರಳುಗಳು ಕರಗತೊಡಗಿ ಸಡಿಲಗೊಳ್ಳುವುದರಿಂದ, ಮೊದಲ ಕೆಲವು ತಿಂಗಳು ನೋವು ಮರುಕಳಿಸುವುದು ನಿರೀಕ್ಷಿತವೇ ಹೊರತು ಔಷಧ ಸೋತಿರುವುದರ ಗುರುತಲ್ಲ. ಇದನ್ನು ತಡೆಯಲೆಂದೇ ಮೊದಲ 3ರಿಂದ 6 ತಿಂಗಳು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಜೊತೆಗೆ ಕೊಡುವ ರೂಢಿಯಿದೆ. ತಂದೆಯವರಿಗೆ ಅದನ್ನು ಬರೆದಿದ್ದರೇ ಎಂದು ಕೇಳಿ ನೋಡಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಕಾಲ್ಚಿಸಿನ್ ಪ್ರಮಾಣವನ್ನೂ ತಗ್ಗಿಸಬೇಕಾಗುತ್ತದೆ. ಅಲೋಪ್ಯೂರಿನಾಲ್‌ಗೆ 100 ಮಿಲಿಗ್ರಾಂ ಎಂಬುದು ಆರಂಭದ ಪ್ರಮಾಣ ಮಾತ್ರ. ರಕ್ತ ಪರೀಕ್ಷೆ ನೋಡುತ್ತಾ, ಯೂರಿಕ್ ಆಮ್ಲ 6ಕ್ಕಿಂತ ಕೆಳಗಿಳಿಯುವವರೆಗೆ ಅದನ್ನು ಹಂತಹಂತವಾಗಿ ಏರಿಸಬೇಕು. ಬಹಳ ಜನರಿಗೆ ಈ ಏರಿಕೆಯೇ ಆಗುವುದಿಲ್ಲ. ಚಿಕಿತ್ಸೆ ವಿಫಲವಾಯಿತೆನ್ನುವ ಎಷ್ಟೋ ಕಡೆ ಕೊರತೆ ಇರುವುದು ಇಲ್ಲಿಯೇ.

ಆದರೆ ಅಲೋಪ್ಯೂರಿನಾಲ್ ಆರಂಭಿಸಿದ ಮೇಲೆ ಮೈಮೇಲೆ ದದ್ದು, ಬಾಯಿಹುಣ್ಣು ಅಥವಾ ಜ್ವರ ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಜ್ವರದೊಂದಿಗೆ ಒಂದೇ ಕೀಲು ಬಿಸಿಯಾಗಿ ಊದಿಕೊಂಡರೆ ಅದು ಸೋಂಕೂ ಆಗಿರಬಹುದಾದ್ದರಿಂದ, ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವವರೆಗೆ ಗೌಟ್ ಎಂದು ಸುಮ್ಮನಿರಬಾರದು.

ಉತ್ತರ (ಮಂಗಳೂರಿನ ಗೌಟ್ ರೋಗಿ):
ಬೇಳೆ, ಸೊಪ್ಪುಗಳಲ್ಲಿ ಪ್ಯೂರಿನ್ (ದೇಹದಲ್ಲಿ ಯೂರಿಕ್ ಆಮ್ಲವಾಗಿ ಬದಲಾಗುವ ಅಂಶ) ಇದ್ದರೂ ಅವುಗಳಿಂದ ಗೌಟ್ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದ್ದರಿಂದ ಹುಳಿ, ಸಾರು ಬಿಟ್ಟು ಸೊರಗುವ ಅಗತ್ಯವಿಲ್ಲ. ಮಿತಿ ಬೇಕಿರುವುದು ಈಲಿ, ಬೋಟಿ, ಕೆಂಪು ಮಾಂಸಕ್ಕೆ, ನಮ್ಮ ಕಡೆಯ ಬೂತಾಯಿ, ಬಂಗುಡೆ ಮೀನುಗಳಿಗೆ, ಮರುವಾಯಿ ಎಂಬ ಚಿಪ್ಪುಜೀವಿಗೆ. ಬಿಯರ್ ಮತ್ತು ಸಕ್ಕರೆಯ ತಂಪು ಪಾನೀಯಗಳನ್ನಂತೂ ಬಿಡುವುದೇ ಲೇಸು. ಹಾಲು, ಮಜ್ಜಿಗೆ ಒಳ್ಳೆಯದೇ. ಆದರೂ ಪಥ್ಯದಿಂದ ಯೂರಿಕ್ ಆಮ್ಲ ಇಳಿಯುವುದು ಅಲ್ಪವೇ. 8.9 ಇರುವವರು ಊಟವೊಂದನ್ನೇ ನಂಬಿ 6ಕ್ಕೆ ಬರುವುದು ಕಷ್ಟ. ಬೇಗ ತೂಕ ಇಳಿಸಬೇಕೆಂದು ಉಪವಾಸ ಮಾಡಿಸಬೇಡಿ, ಅದರಿಂದಲೂ ನೋವು ಕೆರಳುತ್ತದೆ.

ಉತ್ತರ (ಔಷಧ ಅಂಗಡಿಯವರು):
ರಕ್ತದೊತ್ತಡದ ಮಾತ್ರೆಯ ಪಟ್ಟಿಯ ಹಿಂದೆ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಎಂದಿದೆಯೇ ನೋಡಿ. ಇವು ಯೂರಿಕ್ ಆಮ್ಲವನ್ನು ಏರಿಸುತ್ತವೆ. ರಕ್ತದೊತ್ತಡದ ಮತ್ತೊಂದು ಔಷಧವಾದ ಲೊಸಾರ್ಟನ್ ಅದನ್ನು ಸ್ವಲ್ಪ ಇಳಿಸುವುದರಿಂದ ಬದಲಾವಣೆ ಸಾಧ್ಯವೇ ಎಂದು ವೈದ್ಯರನ್ನು ಕೇಳಬಹುದು, ತಾವಾಗಿ ನಿಲ್ಲಿಸಬಾರದು. ನೋವು ಬಂದಾಗಲೆಲ್ಲ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಕೇಳುವವರು ನಮ್ಮಲ್ಲಿಗೆ ಬಹಳ ಬರುತ್ತಾರೆ. ರಕ್ತದೊತ್ತಡವಿರುವವರ ಮೂತ್ರಪಿಂಡಕ್ಕೆ ಅದು ಹಾನಿ ಮಾಡಬಲ್ಲದು.

ಪ್ರಶ್ನೆ ಕೇಳಿದವರು:
ಮಾತ್ರೆಯ ಪಟ್ಟಿಯಲ್ಲಿ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಇದೆ. ಕಾಲ್ಚಿಸಿನ್ ಬರೆದಿಲ್ಲ. ಎರಡನ್ನೂ ವೈದ್ಯರ ಗಮನಕ್ಕೆ ತರುತ್ತೇವೆ. ಅಲೋಪ್ಯೂರಿನಾಲ್ ಜೀವನಪರ್ಯಂತ ಬೇಕಾಗುವುದೇ?

ಉತ್ತರ (ಸಾಮಾನ್ಯ ವೈದ್ಯ):
ಬಹುತೇಕರಿಗೆ ಹೌದು. ನಿಲ್ಲಿಸಿದರೆ ಆಮ್ಲ ಪುನಃ ಏರಿ, ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ನೋವು ಮರಳುವುದೇ ಹೆಚ್ಚು. ಗುರಿ ತಲುಪಿದ ಮೇಲೆ ಆರು ತಿಂಗಳಿಗೊಮ್ಮೆ ಯೂರಿಕ್ ಆಮ್ಲ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆ) ನೋಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಮುಂದಿನ ಭೇಟಿಗೆ ಹೋಗುವಾಗ ಇತ್ತೀಚಿನ ಕ್ರಿಯಾಟಿನಿನ್ ವರದಿಯನ್ನು ತಪ್ಪದೆ ಒಯ್ಯಿರಿ. ಅಲೋಪ್ಯೂರಿನಾಲ್, ಕಾಲ್ಚಿಸಿನ್ ಎರಡರ ಪ್ರಮಾಣ ನಿರ್ಧರಿಸುವಾಗಲೂ ಅದನ್ನು ನೋಡಬೇಕಾಗುತ್ತದೆ.