ಸಹಿ ಇರುವ ಜೆರ್ಸಿ ಹರಾಜಿಗೆ ಕೊಡಲಾ, ಸುಮ್ನೆ ದುಡ್ಡು ಕೊಟ್ಟುಬಿಡಲಾ? ಅನುಭವ ಇದ್ದವರು ಹೇಳಿ

ಗಾಜನೂರು ಗೋಲಿ
ನಾವು ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಆಡುವ ಇಪ್ಪತ್ತು ಜನ. ಜೊತೆಗೆ ಆಡುವ ಒಬ್ಬರ ಮಗಳಿಗೆ ಹೃದಯದ ಆಪರೇಷನ್ ಆಗಬೇಕು. ಸರ್ಕಾರಿ ಯೋಜನೆಯಲ್ಲಿ ಬರುವುದು ಬಂದಿದೆ, ಇನ್ನೂ 1,80,000 ಬೇಕು. ಎಲ್ಲರೂ ತಮ್ಮ ಹತ್ತಿರ ಇರುವ ಜೆರ್ಸಿ, ಬಾಲು, ಫೋಟೋ ತಂದು ಹರಾಜು ಹಾಕೋಣ ಅಂದಿದ್ದಾರೆ. ನನ್ನ ಹತ್ತಿರ ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ ಇದೆ, ಸುನಿಲ್ ಛೆಟ್ರಿ ಸಹಿ ಹಾಕಿದ್ದು. ಕಂಠೀರವದಲ್ಲಿ ಮ್ಯಾಚ್ ಮುಗಿದ ಮೇಲೆ ಕಾದು ಹಾಕಿಸಿಕೊಂಡದ್ದು. ಮನೆಯವಳು ಕೇಳುತ್ತಾಳೆ, "ಮಗುವಿಗೆ ಸಹಾಯ ಮಾಡಬೇಕು ಅಂತಿದ್ದರೆ ಹತ್ತು ಸಾವಿರ ಹಾಕಿ ಸುಮ್ನೆ ಇರಿ, ಜೆರ್ಸಿ ಕೊಟ್ಟು ಹೆಸರು ಮಾಡಿಕೊಳ್ಳಬೇಕಾ?" ಆ ಮಾತು ಎರಡು ದಿನದಿಂದ ಕೊರೆಯುತ್ತಿದೆ. ಕೊಟ್ಟವರು, ಕೊಂಡವರು ಯಾರಾದರೂ ಇದ್ದರೆ ಹೇಳಿ.

ಭದ್ರಾವತಿ ಹಳಬ
ಕೊಡಬೇಡಿ ಮಾರಾಯ್ರೇ. ನಾನು ಕೊಟ್ಟು ಕೆಟ್ಟೆ.

2018ರ ಜೂನ್‌ನಲ್ಲಿ ಛೆಟ್ರಿ "ಸ್ಟೇಡಿಯಂಗೆ ಬನ್ನಿ" ಅಂತ ವಿಡಿಯೋದಲ್ಲಿ ಕೇಳಿಕೊಂಡರಲ್ಲ, ಮಾರನೇ ದಿನವೇ ನಾನು ಮುಂಬೈಗೆ ಹೊರಟವನು. ಕೀನ್ಯಾ ಮೇಲೆ 3-0, ಅವರ 100ನೇ ಪಂದ್ಯ, ಮಳೆಯಲ್ಲಿ ನೆನೆದುಕೊಂಡೇ ನೋಡಿದೆ. ಇನ್ನೂ ಎರಡು ದಿನ ಅಲ್ಲೇ ಉಳಿದು ಇಂಡಿಯಾ ಜೆರ್ಸಿಗೆ ನಾಲ್ಕು ಆಟಗಾರರ ಸಹಿ ಹಾಕಿಸಿದೆ. 2019ರ ಆಗಸ್ಟ್ ನೆರೆ ಬಂದಾಗ ಅದನ್ನು ಪರಿಹಾರದ ಹರಾಜಿಗೆ ಕೊಟ್ಟೆ. ಎಷ್ಟಕ್ಕೆ ಹೋಯಿತು ಗೊತ್ತಾ? 6,500. ಆ ದಿನ ಎಲ್ಲ ವಸ್ತು ಸೇರಿ ಬಂದದ್ದು 31,500. ಅದರಲ್ಲಿ ಹಾಲ್ ಬಾಡಿಗೆ 4,000, ಮೈಕ್ 2,500, ಫ್ಲೆಕ್ಸ್ 1,800, ಮೂರು ಫ್ರೇಮಿಗೆ 6,600, ಟೀ ಮಂಡಕ್ಕಿಗೆ 1,350. ಲೆಕ್ಕ ನನ್ನ ಹತ್ತಿರ ಇವತ್ತಿಗೂ ಇದೆ. ನೆರೆ ಬಂದವರಿಗೆ ಮುಟ್ಟಿದ್ದು 15,250. ಎರಡು ತಿಂಗಳಾದ ಮೇಲೆ ಅದೇ ಜೆರ್ಸಿ ಆನ್‌ಲೈನಿನಲ್ಲಿ 22,000ಕ್ಕೆ ಮಾರಾಟಕ್ಕೆ ಬಂತು. ತೋಳಿನ ಮೇಲೆ ನನ್ನ ಕೈಯಿಂದಲೇ ಆದ ಚಹಾ ಕಲೆ ಇತ್ತು, ಅದರಿಂದ ಗುರುತು ಸಿಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಸಹಾಯ ಮಾಡುವುದಿದ್ದರೆ ಆಸ್ಪತ್ರೆ ಬಿಲ್ಲಿಗೆ ನೇರ ದುಡ್ಡು ಕಟ್ಟಿ.

ತೀರ್ಥಹಳ್ಳಿ ಮಳೆ
ನಾನು ಕೊಂಡವನು, ನನಗೆ ಪಶ್ಚಾತ್ತಾಪ ಇಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ನವೆಂಬರ್ ಆಟಗಾರರು ಎದೆ ಮೇಲೆ ಕೆಂಪು ಗಸಗಸೆ ಹೂವಿನ ಗುರುತು ಹಾಕಿಕೊಂಡು ಆಡುತ್ತಾರೆ. ಆಮೇಲೆ ಆ ಅಂಗಿಗಳನ್ನು ಹರಾಜು ಹಾಕಿ ಮಾಜಿ ಸೈನಿಕರ ರಾಯಲ್ ಬ್ರಿಟಿಷ್ ಲೀಜನ್‌ಗೆ ಹಣ ಕೊಡುತ್ತಾರೆ. 2022ರಲ್ಲಿ ಅಂಥದ್ದೊಂದು ನನಗೆ 310 ಪೌಂಡಿಗೆ ಸಿಕ್ಕಿತು. ಕಾರ್ಡಿನಲ್ಲಿ ಕಡಿತ 30,400, ಬ್ಯಾಂಕಿನ ವಿದೇಶಿ ಶುಲ್ಕ 1,060, ಕೊರಿಯರ್ 3,200, ಕಸ್ಟಮ್ಸ್ ಸುಂಕ 11,800. ಒಟ್ಟು 46,460. ಆ ವರ್ಷ ತೋಟಕ್ಕೆ ಎಲೆಚುಕ್ಕೆ ರೋಗ ಬಂದಿತ್ತು. ಅಪ್ಪ ಎರಡು ವಾರ ಮಾತಾಡಲಿಲ್ಲ. ಬ್ರಿಟಿಷ್ ಸೈನಿಕರಿಗೆ ನೀನ್ಯಾಕೆ ದುಡ್ಡು ಕೊಟ್ಟೆ ಅಂತ ಊರೆಲ್ಲ ಕೇಳಿತು. ನಿಜ ಹೇಳುತ್ತೇನೆ, ಸೈನಿಕರು ನನ್ನ ತಲೆಯಲ್ಲಿ ಇರಲೇ ಇಲ್ಲ. ನನಗೆ ಆ ಅಂಗಿ ಬೇಕಿತ್ತು. ಅದರ ಮೊಣಕೈ ಹತ್ತಿರ ಹುಲ್ಲಿನ ಹಸಿರು ಹಾಗೇ ಇದೆ.

ಕಷ್ಟ ಆದದ್ದು ಆಮೇಲೆ. ಪೇಟೆಯಲ್ಲಿ 2,600 ಕೊಟ್ಟು ಫ್ರೇಮ್ ಹಾಕಿಸಿದೆ. ಗಾಜು ಬಟ್ಟೆಗೆ ತಾಗಿಕೊಂಡೇ ಇತ್ತು, ನನಗೆ ತಿಳಿಯಲಿಲ್ಲ. ನಮ್ಮ ಮಳೆ ಗೊತ್ತಲ್ವಾ, ಜೂನ್‌ನಿಂದ ಗೋಡೆಯೇ ಬೆವರುತ್ತದೆ. ಆಗಸ್ಟ್‌ಗೆ ಕಾಲರ್ ಪೂರ್ತಿ ಬೂಷ್ಟು. ಬಿಚ್ಚಿದಾಗ ಸಹಿಯ ಕೊನೆಯ ಗೀಟು ಗಾಜಿಗೆ ಅಂಟಿಕೊಂಡು ಬಂತು, ಅಂಗಿಯ ಮೇಲೆ ಅರ್ಧ, ಗಾಜಿನ ಮೇಲೆ ಅರ್ಧ. ಆ ಗಾಜನ್ನೂ ಇಟ್ಟುಕೊಂಡಿದ್ದೇನೆ.

ಭದ್ರಾವತಿ ಹಳಬ
ಇದು ದಾನ ಅಲ್ಲ, ಖರೀದಿ. ಅಂಗಡಿಗೆ ಹೋಗಿ ಅಂಗಿ ತಂದ ಹಾಗೆ. ಅಂಗಿ ಬೇಕಿತ್ತು ಅಂತ ನೀವೇ ಹೇಳಿದಿರಿ.

ತೀರ್ಥಹಳ್ಳಿ ಮಳೆ
ಹಾಗಾದರೆ ಗಣಪತಿ ಬಿಡುವ ದಿನ ಸವಾಲು ಕೂಗುತ್ತಾರಲ್ಲ, ಅದು ಏನು? ನಮ್ಮೂರಲ್ಲಿ ಒಂದು ತೆಂಗಿನಕಾಯಿ ಎಂಟು ಸಾವಿರಕ್ಕೆ ಹೋಗಿದೆ. ಕೂಗಿದವನಿಗೆ ಕಾಯಿ ಬೇಕಿತ್ತಾ, ಪ್ರಸಾದ ಬೇಕಿತ್ತಾ, ಪಕ್ಕದ ಕೇರಿಯವನನ್ನು ಮೀರಿಸಬೇಕಿತ್ತಾ? ಮೂರೂ ಇರುತ್ತದೆ. ಆ ದುಡ್ಡಲ್ಲೇ ಮುಂದಿನ ವರ್ಷದ ಶಾಮಿಯಾನ ಬರುತ್ತದೆ. ಖರೀದಿ ಅಂತ ಅವನಿಗೆ ಯಾರೂ ಹೇಳುವುದಿಲ್ಲ.

ದುರ್ಗಿಗುಡಿ ಲೆಕ್ಕ
ಇಬ್ಬರೂ ಜಗಳ ಆಡುವ ಮೊದಲು ತೆರಿಗೆ ವಿಷಯ ತಿಳಿದುಕೊಳ್ಳಿ, ನಾನು ಅನುಭವಿಸಿದ್ದೇನೆ. ಒಂದು ಸಂಸ್ಥೆಯ ಹರಾಜಿನಲ್ಲಿ ಸಹಿ ಇರುವ ಬಾಲಿಗೆ 50,000 ಕೊಟ್ಟೆ. ರಸೀದಿ ಕೊಟ್ಟರು, ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ, 80ಜಿ ಅಂತ ಹಾಕಿದೆ. ಆಮೇಲೆ ನೋಟಿಸ್ ಬಂತು. ವಸ್ತು ಪಡೆದು ಕೊಟ್ಟ ಹಣ ದಾನ ಆಗುವುದಿಲ್ಲ ಅಂದರು. ತೆರಿಗೆ, ಬಡ್ಡಿ ಎರಡೂ ಕಟ್ಟಿದೆ. ಇನ್ನೂ ಕೇಳಿ: 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಜೆರ್ಸಿಯಂಥ ವಸ್ತು ಕೊಟ್ಟರೂ ಇಲ್ಲ. ಒಂದು ಕುಟುಂಬಕ್ಕೆ ನೇರ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದರಂತೂ ಆ ವಿನಾಯಿತಿ ಕೇಳುವ ಹಾಗೇ ಇಲ್ಲ.

ಭದ್ರಾವತಿ ಹಳಬ
ಮಗುವಿನ ಆಪರೇಷನ್ ವಿಷಯ ಮಾತಾಡುವಾಗ ನಿಮಗೆ ವಿನಾಯಿತಿ ನೆನಪಾಯಿತಾ?

ದುರ್ಗಿಗುಡಿ ಲೆಕ್ಕ
ಟೀ ಮಂಡಕ್ಕಿಯ 1,350 ಆರೇಳು ವರ್ಷದಿಂದ ಹಿಡಿದುಕೊಂಡು ಕೂತವರು ನೀವು. ನಾನು ಲೆಕ್ಕ ಹೇಳಿದರೆ ತಪ್ಪಾ? ನಿಮ್ಮ ಊರಿನವರು ಫುಟ್‌ಬಾಲ್ ಅಂದರೆ ತಮಗೆ ಮಾತ್ರ ಗೊತ್ತು ಅಂತ ಮಾತಾಡುತ್ತೀರಿ.

ಭದ್ರಾವತಿ ಹಳಬ
ಊರಿನ ಮಾತು ತೆಗೆಯಬೇಡಿ. ನಮ್ಮಪ್ಪ ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸ್ ಮೈದಾನದಲ್ಲಿ ಬರಿಗಾಲಲ್ಲಿ ಆಡಿದವರು. ಅವರಿಗೆ ಸಹಿ, ಫ್ರೇಮ್ ಯಾವುದೂ ಗೊತ್ತಿರಲಿಲ್ಲ. ಜೊತೆಯವನ ಕಾಲು ಮುರಿದಾಗ ಸಂಬಳದ ದಿನ ಎಲ್ಲರೂ ಒಂದು ಟೋಪಿಗೆ ದುಡ್ಡು ಹಾಕಿದರು. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ತಿಳಿಯಲಿಲ್ಲ. ನಾನು ಅದನ್ನು ನೋಡಿ ಬೆಳೆದವನು.

ಸಾಗರದ ಅತ್ತೆ
ಇಷ್ಟು ಹೊತ್ತು ಕೊಟ್ಟವರು, ಕೊಂಡವರು ಮಾತಾಡಿದಿರಿ. ನಾವು ತೆಗೆದುಕೊಂಡವರು. ನನ್ನ ತಮ್ಮನ ಮಗನ ಕಿಡ್ನಿ ಚಿಕಿತ್ಸೆಗೆ ಅವನ ಕಾಲೇಜಿನ ಫುಟ್‌ಬಾಲ್ ಹುಡುಗರು ಹೀಗೇ ಜೆರ್ಸಿ ಹರಾಜು ಹಾಕಿದ್ದರು. 84,000 ಬಂತು. ಯಾರು ಯಾಕೆ ಕೊಟ್ಟರು ಅಂತ ನಾವು ಒಂದು ದಿನವೂ ಕೇಳಲಿಲ್ಲ. ನೋವಾದದ್ದು ಬೇರೆ. ಹುಡುಗನನ್ನು ಮಾಸ್ಕ್ ಹಾಕಿಸಿ ವೇದಿಕೆಗೆ ಕರೆದರು, ಒಂದೊಂದು ಜೆರ್ಸಿ ಕೊಂಡವರೂ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಹದಿನಾಲ್ಕು ಸಲ ಎದ್ದು ನಿಂತ. ಅವನ ಕೈಯಲ್ಲಿ ಡ್ರಿಪ್ ಹಾಕಿದ ಬ್ಯಾಂಡೇಜು ಇತ್ತು, ಅದನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದ. ಆ ಫೋಟೋಗಳು ಇವತ್ತಿಗೂ ಓಡಾಡುತ್ತಿವೆ. ಈಗ ಅವನಿಗೆ ಹತ್ತೊಂಬತ್ತು, ಅವು ಕಣ್ಣಿಗೆ ಬಿದ್ದರೆ ಊಟ ಬಿಟ್ಟು ಏಳುತ್ತಾನೆ.

ಉದ್ದೇಶ ಅಂತೀರಲ್ಲ, ರೊನಾಲ್ಡೊ ತೋಳುಪಟ್ಟಿ ವಿಷಯ ಗೊತ್ತಾ? 2021ರ ಮಾರ್ಚ್, ಬೆಲ್‌ಗ್ರೇಡ್, ಸರ್ಬಿಯಾ ಪೋರ್ಚುಗಲ್ 2-2. ಕೊನೇ ಗಳಿಗೆಯಲ್ಲಿ ಬಾಲು ಗೆರೆ ದಾಟಿತ್ತು, ರೆಫ್ರಿ ಗೋಲು ಕೊಡಲಿಲ್ಲ. ರೊನಾಲ್ಡೊ ಸಿಟ್ಟಿನಲ್ಲಿ ನಾಯಕನ ಪಟ್ಟಿ ಕಿತ್ತು ಎಸೆದು ಹೋದರು. ಡ್ಯೂಟಿಯಲ್ಲಿದ್ದ ಅಗ್ನಿಶಾಮಕದವರೊಬ್ಬರು ಅದನ್ನು ಎತ್ತಿಟ್ಟರು. ಸ್ನಾಯುಗಳು ಸೊರಗುತ್ತಾ ಹೋಗುವ ಎಸ್‌ಎಂಎ ಕಾಯಿಲೆ ಇದ್ದ ಒಂದು ಕೂಸಿಗಾಗಿ ಅದು ಹರಾಜಾಯಿತು, 64,000 ಯೂರೋ ಬಂತು. ಎಸೆದವರ ಮನಸ್ಸಿನಲ್ಲಿ ಸಿಟ್ಟು ಬಿಟ್ಟು ಏನೂ ಇರಲಿಲ್ಲ. ಕೂಸಿಗೆ ಆ ಹಣ ಕಡಿಮೆ ಆಯಿತಾ? ಆ ಕಾಯಿಲೆಯ ಒಂದು ಇಂಜೆಕ್ಷನ್ನಿಗೆ ನಮ್ಮಲ್ಲಿ 16 ಕೋಟಿ ಅಂತಾರೆ, ಅದರ ಮುಂದೆ ಇದು ಸಣ್ಣದೇ. ಆದರೂ ಬಂತಲ್ಲ.

ಭದ್ರಾವತಿ ಹಳಬ
ಅಕ್ಕಾ, ಫೋಟೋ ವಿಷಯ ಓದಿ ಸಂಕಟ ಆಯಿತು. ಆದರೆ ಎಷ್ಟು ಪಾಲು ಮುಟ್ಟುತ್ತದೆ ಅನ್ನುವುದನ್ನು ನಾನು ಬಿಡುವುದಿಲ್ಲ. ಮೆಸ್ಸಿ 2022ರ ವಿಶ್ವಕಪ್‌ನಲ್ಲಿ ಹಾಕಿದ ಆರು ಅಂಗಿ 2023ರ ಡಿಸೆಂಬರ್‌ನಲ್ಲಿ 78 ಲಕ್ಷ ಡಾಲರಿಗೆ ಹೋಯಿತು. ಬಾರ್ಸಿಲೋನಾದ ಮಕ್ಕಳ ಆಸ್ಪತ್ರೆಗೆ ಕೊಡುತ್ತೇವೆ ಅಂದದ್ದು ಅದರಲ್ಲಿ ಒಂದು ಪಾಲು ಮಾತ್ರ.

ತೀರ್ಥಹಳ್ಳಿ ಮಳೆ
ಪಾಲಾದರೂ ಕೊಡುತ್ತೇವೆ ಅಂದರಲ್ಲ. 1986ರಲ್ಲಿ ಮರಡೋನಾ ಕೈಯಲ್ಲಿ ಗೋಲು ಹೊಡೆದ ದಿನದ ಅಂಗಿಯನ್ನು ಎದುರು ತಂಡ ಇಂಗ್ಲೆಂಡಿನ ಆಟಗಾರ ಸ್ಟೀವ್ ಹಾಜ್ ಬದಲಿಸಿಕೊಂಡಿದ್ದರು. ಅದು 2022ರ ಮೇನಲ್ಲಿ 71 ಲಕ್ಷ ಪೌಂಡಿಗೆ ಹೋಯಿತು. ಅದು ಅವರ ವಸ್ತು, ಮಾರಿದರು. ಅಷ್ಟು ವರ್ಷ ಮ್ಯೂಸಿಯಮ್ಮಿನಲ್ಲಿ ಎಲ್ಲರೂ ನೋಡಲಿ ಅಂತ ಬಿಟ್ಟಿದ್ದರು, ಅದೂ ಕೊಟ್ಟ ಹಾಗೇ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಜೆರ್ಸಿ ಮರುಮಾರಾಟ ಆದದ್ದಕ್ಕೆ ನಿಮಗೆ ಇಷ್ಟು ಸಿಟ್ಟು ಯಾಕೆ ಅಂತ ಕೇಳಲಾ? ಕೊಟ್ಟ ಮೇಲೂ ಅದು ನಿಮ್ಮದೇ ಅಂದುಕೊಂಡಿದ್ದೀರಿ.

ಭದ್ರಾವತಿ ಹಳಬ
ಹೌದು, ಅಂದುಕೊಂಡಿದ್ದೆ. ಎರಡು ದಿನ ಫುಟ್‌ಪಾತ್ ಮೇಲೆ ಕಾದವನು ನಾನು, ನೀವಲ್ಲ. ನಿಮ್ಮ ಹಾಗೆ ಕಾರ್ಡ್ ಉಜ್ಜಿ ತಂದದ್ದಲ್ಲ ಅದು.

ಗಾಜನೂರು ಗೋಲಿ
ಎಲ್ಲರಿಗೂ ಥ್ಯಾಂಕ್ಸ್. ಸಾಗರದ ಅತ್ತೆ ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ಮಗು ವೇದಿಕೆಗೆ ಬರುವುದಿಲ್ಲ, ಫೋಟೋ ಇಲ್ಲ ಅಂತ ಗುಂಪಿನಲ್ಲಿ ಮಾತಾಯಿತು. ಹಾಲ್ ತೆಗೆದುಕೊಳ್ಳುವುದಿಲ್ಲ, ಆಡುವ ಮೈದಾನದಲ್ಲೇ ಕೂಗುತ್ತೇವೆ. ಕೊಂಡವರು ಆಸ್ಪತ್ರೆ ಖಾತೆಗೇ ಕಟ್ಟಬೇಕು. ಜೆರ್ಸಿ ಕೊಡುತ್ತಿದ್ದೇನೆ. ಕೊಟ್ಟವರು ಯಾರು ಅಂತ ಹೇಳಬೇಡಿ ಅಂದಿದ್ದೇನೆ, ಆದರೆ ಅಲ್ಲಿರುವ ಇಪ್ಪತ್ತು ಜನಕ್ಕೂ ಅದು ನಂದೇ ಅಂತ ಗೊತ್ತು. ಅವರಿಗೆ ಗೊತ್ತಿರುವುದು ನನಗೂ ಇಷ್ಟವೇ. ಅದನ್ನು ಇವಳಿಗೂ ಹೇಳಿದೆ. ಹತ್ತು ಸಾವಿರವನ್ನೂ ಹಾಕಿ ಅಂದಳು.

ತೀರ್ಥಹಳ್ಳಿ ಮಳೆ
ಯಾವ ಭಾನುವಾರ ಅಂತ ತಿಳಿಸಿ, ನಾನು ಬರುತ್ತೇನೆ. ಫ್ರೇಮ್ ಮಾತ್ರ ಹಾಕಿಸಬೇಡಿ. ಒಗೆಯಬೇಡಿ, ಇಸ್ತ್ರಿ ಬೇಡ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಸಹಿ ಮಡಿಕೆಗೆ ಬರದ ಹಾಗೆ ನೋಡಿಕೊಳ್ಳಿ.

ಭದ್ರಾವತಿ ಹಳಬ
ಅವರು 15,000ಕ್ಕಿಂತ ಕೆಳಗೆ ಕೂಗಿದರೆ ಕೊಡಬೇಡಿ. ನಾನೂ ಬರುತ್ತೇನೆ.