ಎಂಜಿನ್ ಬದಲಿಸಿದ ಅಂಬಾಸಿಡರ್ ಊರೊಳಗೆ ಹೀಟ್ ಆಗುತ್ತಿದೆ, ರೇಡಿಯೇಟರ್ ಬದಲಿಸಬೇಕೇ?

ಪ್ರಶ್ನೆ (ಸದಸ್ಯರು, ಚಿಕ್ಕಬಳ್ಳಾಪುರ):

ನಮ್ಮ ಮನೆಯ 1978ರ ಮಾರ್ಕ್ 3 ಅಂಬಾಸಿಡರ್‌ನ ಮೂಲ 1489 ಸಿಸಿ ಎಂಜಿನ್ ಪೂರ್ತಿ ಸವೆದಿದ್ದರಿಂದ, ಗುಜರಿಗೆ ಬಂದಿದ್ದ ಕಾಂಟೆಸ್ಸಾ ಒಂದರ ಇಸುಜು 1.8 ಪೆಟ್ರೋಲ್ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಕೂರಿಸಿದ್ದೇವೆ. ರೇಡಿಯೇಟರ್ ಮಾತ್ರ ಹಳೆಯದೇ. ಹೊಸ ಎಂಜಿನ್‌ನ ಫ್ಯಾನ್ ರೇಡಿಯೇಟರ್‌ಗೆ ತಾಗುತ್ತಿದ್ದ ಕಾರಣ ಅದನ್ನು ತೆಗೆದು, ಸಣ್ಣ ಕಾರೊಂದರ ಹತ್ತು ಇಂಚಿನ ಎಲೆಕ್ಟ್ರಿಕ್ ಫ್ಯಾನನ್ನು ಗ್ರಿಲ್ ಕಡೆಗೆ ಕಟ್ಟಿಸಿದ್ದೇವೆ. ದೇವನಹಳ್ಳಿಯ ಕಡೆಗೆ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೆ ಉಷ್ಣತೆ ತೋರಿಸುವ ಮೀಟರಿನ ಮುಳ್ಳು ಅಲುಗಾಡುವುದಿಲ್ಲ. ಊರೊಳಗಿನ ದಟ್ಟಣೆಯಲ್ಲಿ ಅಥವಾ ನಂದಿ ಬೆಟ್ಟದ ಏರಿನಲ್ಲಿ ಕೆಂಪು ಗೆರೆ ಮುಟ್ಟುತ್ತದೆ, ಎಂಜಿನ್ ನಿಲ್ಲಿಸಿದ ಮೇಲೆ ಓವರ್‌ಫ್ಲೋ ಪೈಪಿನಿಂದ ನೀರು ನೆಲಕ್ಕೆ ಸುರಿಯುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ (ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್) ತೆಗೆದುಹಾಕಿದರು, ಗುಣವಾಗಲಿಲ್ಲ. ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಮಾಡಿಸಬೇಕೆಂದು ಈಗ ಹೇಳುತ್ತಿದ್ದಾರೆ. ಮಾಡಿಸಲೇಬೇಕೇ?

ಉತ್ತರ (ಹಳೆಯ ಕಾರುಗಳ ಕಾರ್ಯಾಗಾರ ನಡೆಸುವವರು, ತುಮಕೂರು):

ಸದ್ಯಕ್ಕೆ ಬೇಡ. ಎಂಜಿನ್ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ನೀವು ಸರಿಯಾಗಿ ಗಮನಿಸಿ ಬರೆದಿದ್ದೀರಿ, ಅರ್ಧ ಉತ್ತರ ಅದರಲ್ಲೇ ಇದೆ. ಹೆದ್ದಾರಿಯಲ್ಲಿ ನಿಂತ ಜಾಗದಲ್ಲೇ ನಿಲ್ಲುವ ಮುಳ್ಳು ಊರೊಳಗೆ ಏರುತ್ತದೆ ಎಂದರೆ, ನಿಮ್ಮ ರೇಡಿಯೇಟರ್‌ಗೂ ವಾಟರ್ ಪಂಪ್‌ಗೂ ಸಾಮರ್ಥ್ಯವಿದೆ, ಆದರೆ ಕಾರು ನಿಧಾನವಾದಾಗ ರೇಡಿಯೇಟರ್‌ನ ಮೂಲಕ ಸಾಕಷ್ಟು ಗಾಳಿ ಹಾಯುತ್ತಿಲ್ಲ ಎಂದರ್ಥ. ಗಾಳಿಯ ಏರ್ಪಾಡನ್ನು ಸರಿಪಡಿಸದೆ ದೊಡ್ಡ ರೇಡಿಯೇಟರ್ ಹಾಕಿಸಿದರೆ, ಬಿಸಿಯಾಗುವುದಕ್ಕೆ ಇನ್ನೂ ಐದು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೆ.

ಒಂದು ಸಣ್ಣ ಲೆಕ್ಕ ನೋಡಿ. ರೇಡಿಯೇಟರ್‌ನ ಜಾಲರಿ ಭಾಗ ಉದ್ದಗಲ 45 ಸೆಂ.ಮೀ. ಇದೆ ಎಂದುಕೊಂಡರೆ ಅದರ ವಿಸ್ತೀರ್ಣ ಸುಮಾರು 2000 ಚದರ ಸೆಂ.ಮೀ. ಆಗುತ್ತದೆ. ಹತ್ತು ಇಂಚಿನ ಫ್ಯಾನ್ ಆವರಿಸುವುದು 500 ಚದರ ಸೆಂ.ಮೀ. ಮಾತ್ರ. ಅಂದರೆ ಕಾರು ನಿಂತಾಗ ನಿಮ್ಮ ರೇಡಿಯೇಟರ್‌ನ ಮುಕ್ಕಾಲು ಪಾಲು ಹೆಚ್ಚುಕಡಿಮೆ ಸುಮ್ಮನೆ ಕುಳಿತಿರುತ್ತದೆ. ಇದಕ್ಕೆ ಪರಿಹಾರವೆಂದರೆ, ಜಾಗ ಹಿಡಿಯುವಷ್ಟು ದೊಡ್ಡದಾದ, 14 ಇಂಚಿನ ಆಸುಪಾಸಿನ ಎಳೆಯುವ ಫ್ಯಾನನ್ನು ಎಂಜಿನ್ ಕಡೆಗೆ ಹಾಕಿ, ರೇಡಿಯೇಟರ್‌ನ ಪೂರ್ತಿ ಮುಖವನ್ನು ಮುಚ್ಚುವ ಶ್ರೌಡ್ (ಗಾಳಿಯನ್ನು ಫ್ಯಾನಿನತ್ತ ಕೂಡಿಸುವ ಹೊದಿಕೆ) ಒಂದನ್ನು ತಗಡಿನಲ್ಲಿ ಮಾಡಿಸುವುದು. ಶ್ರೌಡ್‌ನ ಒಳಮೈ ಜಾಲರಿಗೆ ಅಂಟಿಕೊಂಡಿರದೆ ಮೂರ್ನಾಲ್ಕು ಸೆಂ.ಮೀ. ದೂರವಿದ್ದರೆ, ಫ್ಯಾನ್ ತನ್ನ ಎದುರಿನ ವೃತ್ತದಿಂದ ಮಾತ್ರವಲ್ಲದೆ ನಾಲ್ಕೂ ಮೂಲೆಗಳಿಂದ ಗಾಳಿ ಎಳೆಯುತ್ತದೆ. ರೇಡಿಯೇಟರ್ ಮತ್ತು ಬಾಡಿಯ ನಡುವಿನ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎಂಜಿನ್ ಕೋಣೆಯ ಬಿಸಿ ಗಾಳಿಯೇ ಸುತ್ತಿ ಮುಂದಕ್ಕೆ ಬಂದು ಮತ್ತೆ ಒಳಗೆ ಹೋಗುತ್ತದೆ.

ಫ್ಯಾನ್ ತಿರುಗುವ ದಿಕ್ಕನ್ನು ಇಂದೇ ಪರೀಕ್ಷಿಸಿ. ಡಿಸಿ ಮೋಟಾರಿನ ಎರಡು ತಂತಿ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ; ಗ್ರಿಲ್ ಮುಂದೆ ತೆಳು ಕಾಗದ ಹಿಡಿದರೆ ಅದು ಒಳಕ್ಕೆ ಸೆಳೆಯಲ್ಪಡಬೇಕು. ಜೊತೆಗೆ, ಎಂಜಿನ್ ಮತ್ತು ಹೆಡ್‌ಲೈಟ್ ಎರಡೂ ಚಾಲೂ ಇರುವಾಗ ಫ್ಯಾನಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ ಇರುವುದಕ್ಕಿಂತ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಡಿಮೆಯಿದ್ದರೆ, ಹಳೆಯ ವೈರಿಂಗಿನಿಂದ ಎಲ್ಲಿಂದಲೋ ತಂತಿ ಎಳೆದಿದ್ದಾರೆ ಎಂದು ತಿಳಿಯಿರಿ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ, ಫ್ಯೂಸ್ ಮತ್ತು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡದನ್ನು ಚಾಲೂ ಮಾಡುವ ಸ್ವಿಚ್) ಇಲ್ಲದ ಫ್ಯಾನನ್ನು ನಾನು ಗಾಡಿಯಲ್ಲಿ ಬಿಡುವುದಿಲ್ಲ.

ಥರ್ಮೋಸ್ಟಾಟ್ ತೆಗೆಯುವುದು ನಮ್ಮ ಕಡೆಯ ಹಳೆಯ ಚಾಳಿ. ಬೈಪಾಸ್ ಇರುವ ಎಂಜಿನ್‌ಗಳಲ್ಲಿ ಆ ವಾಲ್ ಇಲ್ಲದಿದ್ದರೆ, ಬಿಸಿನೀರಿನ ಒಂದು ಪಾಲು ರೇಡಿಯೇಟರ್‌ನ ಮುಖವನ್ನೇ ನೋಡದೆ ಬೈಪಾಸ್ ದಾರಿಯಲ್ಲಿ ಮತ್ತೆ ಎಂಜಿನ್ನಿಗೆ ಮರಳುತ್ತಿರುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗೇ ಓಡಿ, ಪೆಟ್ರೋಲ್ ಹೆಚ್ಚು ಕುಡಿದು, ಸಿಲಿಂಡರ್ ಬೇಗ ಸವೆಯುವುದು ಇದರ ಇನ್ನೊಂದು ಫಲ. 82 ಡಿಗ್ರಿಯ ಹೊಸ ವಾಲ್ ತಂದು, ಪಾತ್ರೆಯ ನೀರಿನಲ್ಲಿ ಕಾಯಿಸಿ ಅದು ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡಿ ಹಾಕಿಸಿ. ಅದರಲ್ಲಿರುವ ಪುಟ್ಟ ಗಾಳಿರಂಧ್ರ ಮೇಲ್ಮುಖವಾಗಿರಲಿ.

ಇನ್ನು ನೀರು ಚೆಲ್ಲುವ ವಿಷಯ. ಎಂಜಿನ್ ನಿಲ್ಲಿಸಿದಾಗ ಪಂಪ್ ನಿಲ್ಲುತ್ತದೆ, ಬ್ಲಾಕಿನಲ್ಲಿರುವ ಶಾಖ ಮಾತ್ರ ನೀರಿಗೆ ಸೇರುತ್ತಲೇ ಇರುತ್ತದೆ. ನೀರು ಹಿಗ್ಗಿ, ಒತ್ತಡ ಹಿಡಿದಿಡುವ ರೇಡಿಯೇಟರ್ ಕ್ಯಾಪ್ ದುರ್ಬಲವಾಗಿದ್ದರೆ ಕುದಿದು ಹೊರಗೆ ಬರುತ್ತದೆ. ನಮ್ಮ ಎತ್ತರವೂ ಇದಕ್ಕೆ ಕೂಡಿಕೊಳ್ಳುತ್ತದೆ: 1478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಹಳೆಯ 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಸುಸ್ಥಿತಿಯಲ್ಲಿದ್ದರೆ ಆ ಮಿತಿ 107ರ ಹತ್ತಿರಕ್ಕೆ, 13 ಪಿಎಸ್‌ಐ ಕ್ಯಾಪ್ ಇದ್ದರೆ 115ರ ಹತ್ತಿರಕ್ಕೆ ಏರುತ್ತದೆ. ಆದರೆ ಹಳೆಯ ಬೆಸುಗೆಯ ರೇಡಿಯೇಟರ್ ಅಷ್ಟು ಒತ್ತಡ ತಾಳುತ್ತದೆಯೇ ಎಂದು ಪಂಪ್ ಕಟ್ಟಿ ಪರೀಕ್ಷಿಸಿದ ಮೇಲೆಯೇ ಕ್ಯಾಪ್ ಬದಲಿಸಿ. ಓವರ್‌ಫ್ಲೋ ಪೈಪನ್ನು ಒಂದು ರಿಸರ್ವ್ ಬಾಟಲಿಯ ತಳಕ್ಕೆ ಜೋಡಿಸಿ, ಹಿಂದಕ್ಕೆ ನೀರೆಳೆಯುವ ವಾಲ್ ಇರುವ ಕ್ಯಾಪನ್ನೇ ಹಾಕಿದರೆ, ಹೊರಬಿದ್ದ ಕೂಲಂಟ್ ತಣಿದ ಮೇಲೆ ತಾನೇ ಒಳಕ್ಕೆ ಮರಳುತ್ತದೆ.

ಕೊನೆಯದಾಗಿ, ಎಂಜಿನ್ನಿನ ನೀರಿನ ದಾರಿಯ ಅತಿ ಎತ್ತರದ ಜಾಗ ಯಾವುದು ಎಂದು ಅಳೆಯಿರಿ. ಇಸುಜು ಎಂಜಿನ್ನಿನ ಮೇಲಿನ ಹೋಸ್ ಕೂಡುವ ಜಾಗ ರೇಡಿಯೇಟರ್‌ನ ಕ್ಯಾಪಿಗಿಂತ ಮೇಲಿದ್ದರೆ, ಅಲ್ಲಿ ಸಿಕ್ಕಿಕೊಂಡ ಗಾಳಿಗೆ ಹೊರಬರುವ ದಾರಿಯೇ ಇರುವುದಿಲ್ಲ. ಆಗ ಅದಕ್ಕಿಂತ ಎತ್ತರದಲ್ಲಿ ಒಂದು ಹೆಡರ್ ಟ್ಯಾಂಕ್ (ನೀರು ತುಂಬುವ ಮೇಲಿನ ತೊಟ್ಟಿ) ಬೇಕು. ಆ ಜಾಗ ಕ್ಯಾಪಿಗಿಂತ ಕೆಳಗಿದ್ದರೆ ಕಾರಿನ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಹೀಟರ್ ವಾಲ್ ತೆರೆದು, ನಿಧಾನವಾಗಿ ತುಂಬಿಸಿದರೆ ಸಾಕು. ಗಾಳಿಯ ಗುಳ್ಳೆ ಸೆನ್ಸರ್ ಇರುವ ಜಾಗದಲ್ಲಿ ಕೂತರೆ ಮುಳ್ಳು ಕಡಿಮೆ ತೋರಿಸುತ್ತದೆ, ಒಳಗೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಸುಡುತ್ತಿರುತ್ತದೆ. ಕೂಲಿಂಗ್ ಕೆಲಸದಲ್ಲಿ ನಾನು ನಿಜವಾಗಿ ಹೆದರುವುದು ಇದಕ್ಕೆ. ಇಸುಜುವಿನ ಹೆಡ್ ಅಲ್ಯೂಮಿನಿಯಂ ಆಗಿರುವುದರಿಂದ ಒಮ್ಮೆ ಸರಿಯಾಗಿ ಕಾದರೆ ಬಾಗುತ್ತದೆ.

ಕ್ಯಾಪನ್ನು ಬಿಸಿಯಿರುವಾಗ ತೆರೆಯಬೇಡಿ ಎಂದು ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ. ಎಂಜಿನ್ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿ ನಮೂದಿಸಿಲ್ಲವಾದರೆ ಅದನ್ನೂ ಮುಗಿಸಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಕೋಲಾರ):

ನನ್ನದು ಪ್ರೀಮಿಯರ್ ಪದ್ಮಿನಿ, 118 ಎನ್‌ಇ ಕಾರಿನ ನಿಸಾನ್ ಎಂಜಿನ್ ಹಾಕಿದೆ. ಇಲ್ಲಿ ಎಲ್ಲವೂ ತಿರುವುಮುರುವು: ಊರೊಳಗೆ ಸರಿಯಿದೆ, ಹೆದ್ದಾರಿಯಲ್ಲಿ 70 ದಾಟಿದರೆ ಮುಳ್ಳು ಏರುತ್ತದೆ. ಮೊದಲಿನಿಂದಲೂ ತೋಟದ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದೇವೆ.

ಉತ್ತರ:

ಹಾಗಾದರೆ ನಿಮ್ಮ ಫ್ಯಾನನ್ನು ಮುಟ್ಟಬೇಡಿ. ವೇಗದಲ್ಲಿ ಗಾಳಿಗೆ ಕೊರತೆಯಿಲ್ಲ, ನೀರಿನ ಹರಿವಿಗೇ ಅಡ್ಡಿಯಿದೆ. ಕೋಲಾರದ ಆಳದ ಬೋರ್‌ವೆಲ್‌ಗಳ ಗಡಸು ನೀರಿನಿಂದ ಮನೆಯ ಗೀಸರ್ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟುವ ಹಾಗೆಯೇ ರೇಡಿಯೇಟರ್‌ನ ತೆಳು ಕೊಳವೆಗಳಲ್ಲೂ ಕಟ್ಟುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಫ್ಯಾನಿನ ವೈರ್ ಕಳಚಿ, ಜಾಲರಿಯ ಮೇಲೆ ಅಲ್ಲಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. ಪಕ್ಕದ ಭಾಗಗಳಿಗಿಂತ ತೀರಾ ತಣ್ಣಗಿರುವ ಪಟ್ಟಿಗಳು ಕಂಡರೆ ಅಲ್ಲಿ ಕೊಳವೆ ಮುಚ್ಚಿದೆ. ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆಗಿದ್ದರೆ ಮೇಲಿನ ಟ್ಯಾಂಕ್ ಬಿಚ್ಚಿ ಕೊಳವೆಗಳಿಗೆ ಸರಳು ಹಾಯಿಸುವ ಹಳೆಯ ಕೆಲಸಗಾರರು ಇನ್ನೂ ಸಿಗುತ್ತಾರೆ, ಅವರಲ್ಲಿಗೆ ಹೋಗಿ.

ಅದಕ್ಕೂ ಮುಂಚೆ ಕೆಳಗಿನ ಹೋಸ್ ಪೈಪ್ ನೋಡಿ. ಅದು ಪಂಪ್ ಹೀರುವ ಬದಿಯಲ್ಲಿರುವುದರಿಂದ, ಮೆತ್ತಗಾಗಿದ್ದರೆ ಅಥವಾ ಒಳಗಿನ ಸ್ಪ್ರಿಂಗ್ ಇಲ್ಲದಿದ್ದರೆ, ಎಂಜಿನ್ ವೇಗ ಏರಿದಾಗ ಚಪ್ಪಟೆಯಾಗಿ ಹರಿವನ್ನೇ ನಿಲ್ಲಿಸುತ್ತದೆ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದಾಗಿದ್ದರೂ ಇದೇ ಲಕ್ಷಣ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕಿನ ನಡುವಿನ ಹಾಳೆ) ಮೇಲೆ ಅನುಮಾನ ಪಡಿ.

ಮುಂದೆ ಹಾಕುವ ನೀರು ಡಿಸ್ಟಿಲ್ಡ್ ಆಗಿರಲಿ, ಆದರೆ ಬರಿಯ ಡಿಸ್ಟಿಲ್ಡ್ ನೀರು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ತುಕ್ಕು ತಡೆಯುವ ಅಂಶವಿರುವ ಕೂಲಂಟ್ ಬೇಕೇಬೇಕು. ಹಿಮದ ಭಯವಿಲ್ಲದ ನಮ್ಮಲ್ಲಿ ಅರ್ಧಕ್ಕರ್ಧ ಬೆರೆಸಬೇಕಾಗಿಲ್ಲ, ಡಬ್ಬಿಯ ಮೇಲಿನ ಕನಿಷ್ಠ ಪ್ರಮಾಣಕ್ಕಿಂತ ಕೆಳಗೆ ಇಳಿಯದಂತೆ ಮೂರನೇ ಒಂದು ಪಾಲು ಸಾಕು. ಕೂಲಂಟಿನಲ್ಲಿರುವ ಗ್ಲೈಕಾಲ್ ಹೆಚ್ಚಾದಷ್ಟೂ ಅದೇ ಪ್ರಮಾಣದ ದ್ರವ ಹೊತ್ತೊಯ್ಯುವ ಶಾಖ ಕಡಿಮೆಯಾಗುತ್ತದೆ.

ಮರುಪ್ರಶ್ನೆ (ಚಿಕ್ಕಬಳ್ಳಾಪುರದ ಸದಸ್ಯರು):

ತಾವು ಹೇಳಿದಂತೆ ಶ್ರೌಡ್, 14 ಇಂಚಿನ ಫ್ಯಾನ್, ಥರ್ಮೋಸ್ಟಾಟ್, ಬಾಟಲಿ ಎಲ್ಲವನ್ನೂ ಹಾಕಿಸಿದೆ. ರೇಡಿಯೇಟರ್ ಒತ್ತಡದ ಪರೀಕ್ಷೆ ದಾಟಿದ್ದರಿಂದ 13 ಪಿಎಸ್‌ಐ ಕ್ಯಾಪ್ ಹಾಕಿದ್ದೇವೆ. ಊರೊಳಗಿನ ತೊಂದರೆ ತೀರಿದೆ. ನಂದಿ ಏರಿನಲ್ಲಿ ಮಾತ್ರ ಹೊಸ ಮೀಟರ್ 100 ಡಿಗ್ರಿ ತೋರಿಸಿ, ಮೇಲೆ ತಲುಪಿದ ಸ್ವಲ್ಪ ಹೊತ್ತಿಗೆ 90ಕ್ಕೆ ಇಳಿಯುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ತಿರುಗುವಂತೆ ಮಾಡಿಸಿದರೆ ಒಳ್ಳೆಯದೇ?

ಉತ್ತರ:

ಪೂರ್ತಿ ಭಾರ, ಕಡಿಮೆ ವೇಗ, ತೆಳು ಗಾಳಿ ಮೂರೂ ಕೂಡುವ ಏರಿನಲ್ಲಿ 100 ತೋರಿಸುವುದು ದೋಷವಲ್ಲ. ನಿಮ್ಮ ಕ್ಯಾಪಿನ ಒತ್ತಡದಲ್ಲಿ ಕುದಿಯುವ ಮಿತಿ ಇನ್ನೂ ದೂರವಿದೆ, ಮತ್ತು ಭಾರ ಇಳಿದೊಡನೆ ಉಷ್ಣತೆಯೂ ಇಳಿಯುತ್ತಿದೆ. 105 ದಾಟಿದರೆ ಅಥವಾ ಮೇಲೆ ತಲುಪಿದರೂ ಇಳಿಯದಿದ್ದರೆ ಬರೆಯಿರಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಯುವ ಬದಲು ಎರಡನೇ ಗೇರಿಗೆ ಬನ್ನಿ, ಪಂಪ್ ವೇಗವಾಗಿ ತಿರುಗುತ್ತದೆ.

ಫ್ಯಾನ್ ಸ್ವಿಚ್ ಮೇಲಿನ ಹೋಸ್ ಬದಿಯಲ್ಲಿದ್ದರೆ 92ಕ್ಕೆ ಚಾಲೂ ಆಗಿ 87ಕ್ಕೆ ನಿಲ್ಲುವಂಥದು ಸರಿಹೋಗುತ್ತದೆ. ಕೆಳಗಿನ ಟ್ಯಾಂಕಿನಲ್ಲಿದ್ದರೆ ಅಲ್ಲಿಗೆ ಬರುವುದು ತಣಿದ ನೀರಾದ್ದರಿಂದ ಇನ್ನೂ ಕಡಿಮೆ ಡಿಗ್ರಿಯ ಸ್ವಿಚ್ ಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಫ್ಯಾನ್ ತಿರುಗಿಸುವುದರಿಂದ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಪಂಪ್ ನಿಂತಿರುವಾಗ ತಣ್ಣಗಾಗುವುದು ರೇಡಿಯೇಟರ್‌ನಲ್ಲಿರುವ ನೀರು, ಹೆಡ್‌ನಲ್ಲಿರುವುದಲ್ಲ. ಅದರ ಬದಲು ಬೆಟ್ಟದ ಮೇಲೆ ನಿಲ್ಲಿಸಿದಾಗ ಒಂದೆರಡು ನಿಮಿಷ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಕೀಲಿ ತಿರುಗಿಸಿ, ಮತ್ತು ಫ್ಯಾನಿನ ರಿಲೇಯನ್ನು ಕೀಲಿಯ ಸಂಪರ್ಕದಲ್ಲೇ ಇಟ್ಟುಕೊಳ್ಳಿ.