ತೋಳಿನ ಮೇಲಿನ ತರಿತರಿ ಗುಳ್ಳೆಗಳಿಗೆ ಮನೆಯಲ್ಲಿ ಆರೈಕೆ ಹೇಗೆ?

ಪ್ರಶ್ನೆ:
ನನ್ನ ಮಗಳಿಗೆ 16 ವರ್ಷ. ಎರಡು ವರ್ಷಗಳಿಂದ ಅವಳ ತೋಳುಗಳ ಹೊರಭಾಗದಲ್ಲಿ ಹಾಗೂ ತೊಡೆಗಳ ಮೇಲೆ ಗುಂಡುಸೂಜಿಯ ತಲೆಯಷ್ಟು ಗುಳ್ಳೆಗಳು ಎದ್ದಿದ್ದು, ಕೈಯಾಡಿಸಿದರೆ ಮರಳುಕಾಗದವನ್ನು ಸವರಿದಂತಾಗುತ್ತದೆ. ಚರ್ಮವೈದ್ಯರು ಇದನ್ನು ಕೆರಟೋಸಿಸ್ ಪಿಲಾರಿಸ್ ಎಂದು ಗುರುತಿಸಿ, ಅಪಾಯವೇನೂ ಇಲ್ಲವೆಂದರು. ಆದರೆ ಅವಳು ಗಿಡ್ಡ ತೋಳಿನ ಬಟ್ಟೆ ಹಾಕುವುದನ್ನೇ ಬಿಟ್ಟಿದ್ದಾಳೆ, ದಿನವೂ ಸ್ನಾನದಲ್ಲಿ ಒರಟು ಸ್ಪಂಜಿನಿಂದ ಚರ್ಮ ಕೆಂಪಾಗುವವರೆಗೆ ಉಜ್ಜಿಕೊಳ್ಳುತ್ತಾಳೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ತಿಳಿದವರು ದಾರಿ ಹೇಳಬೇಕೆಂದು ವಿನಂತಿ.

ಉತ್ತರ 1:
ಮೊದಲು ಆ ಸ್ಪಂಜನ್ನು ಬಿಡಿಸಿ. ಇದು ಕೊಳೆಯಿಂದ ಬಂದದ್ದಲ್ಲ, ಸೋಂಕೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ರೋಮಕೂಪದ ಬಾಯಿಯಲ್ಲಿ ಸೇರಿಕೊಂಡು ಬಿರಡೆಯಂತೆ ಕೂರುವುದರಿಂದ ಗುಳ್ಳೆ ಏಳುತ್ತದೆ. ಎಷ್ಟೋ ವೇಳೆ ಸುರುಳಿ ಸುತ್ತಿದ ಒಂದು ಎಳೆ ಕೂದಲೂ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಜೋರಾಗಿ ಉಜ್ಜಿದರೆ ಸುತ್ತಲಿನ ಚರ್ಮ ಕೆರಳಿ ಕೆಂಪು ಹೆಚ್ಚುತ್ತದೆ, ಉಗುರಿನಿಂದ ಚಿವುಟಿದರೆ ಕಪ್ಪು ಕಲೆ ಉಳಿಯುತ್ತದೆ. ನನ್ನ ತೋಳಿನಲ್ಲಿ ಹಾಗೆ ಉಳಿದ ಕಲೆಗಳು ಮಾಸಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಗುಳ್ಳೆಗಳಿಗಿಂತ ಅವೇ ನನ್ನನ್ನು ಹೆಚ್ಚು ನೋಯಿಸಿದವು.

ಉತ್ತರ 2:
ಬಿರಡೆಯನ್ನು ಕೀಳುವುದಲ್ಲ, ಮೆತ್ತಗಾಗಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಟವೆಲನ್ನು ಒತ್ತಿ ನೀರೊರೆಸಿ, ಮೈಯಲ್ಲಿ ತೇವ ಇನ್ನೂ ಇರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಲಿ. ಶೇ 10ರಿಂದ 20ರಷ್ಟು ಯೂರಿಯಾ ಇರುವ ಕ್ರೀಮು, ಇಲ್ಲವೇ ಲ್ಯಾಕ್ಟಿಕ್ ಆಮ್ಲ ಇರುವ ಲೋಷನ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಎರಡನ್ನೂ ಒಟ್ಟಿಗೆ ಆರಂಭಿಸುವುದು ಬೇಡ. ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಕೆಲವು ದಿನ ನೋಡಿ, ಉರಿಯದಿದ್ದರೆ ಮುಂದುವರಿಸಿ. ಬಿರಿದ ಅಥವಾ ಆಗಷ್ಟೇ ಕೂದಲು ತೆಗೆದ ಚರ್ಮಕ್ಕೆ ಮಾತ್ರ ಹಚ್ಚಲೇಬಾರದು. ಲ್ಯಾಕ್ಟಿಕ್ ಆಮ್ಲದಂಥವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವುದರಿಂದ ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎಷ್ಟು ದಿನಗಳಲ್ಲಿ ಗುಣ ಕಾಣಬಹುದು? ಇದು ಪೂರ್ತಿ ಹೋಗುತ್ತದೆಯೇ?

ಉತ್ತರ 2:
ನಾಲ್ಕರಿಂದ ಆರು ವಾರ ತಪ್ಪದೆ ಹಚ್ಚಿದರೆ ನುಣುಪು ಕೈಗೆ ತಿಳಿಯುತ್ತದೆ, ನಿಲ್ಲಿಸಿದರೆ ತರಿ ಮರಳುತ್ತದೆ. ಇದು ಮನೆತನದಲ್ಲಿ ಹರಿದು ಬರುವ ಚರ್ಮದ ಗುಣವಾದ್ದರಿಂದ ಬುಡಸಮೇತ ಹೋಗಿಸುವ ಔಷಧಿಯಿಲ್ಲ. ಆದರೂ ಹರೆಯದಲ್ಲಿ ಹೆಚ್ಚಾಗಿದ್ದದ್ದು ಮೂವತ್ತರ ಆಸುಪಾಸಿಗೆ ಬಹಳ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಒಣಹವೆಯಲ್ಲಿ ತುಸು ಕೆರಳಿದರೆ ಗಾಬರಿ ಬೇಡ. ಕೀವು, ನೋವು ಕಾಣಿಸಿಕೊಂಡರೆ ಅಥವಾ ಹುಬ್ಬಿನ ಕೂದಲು ಉದುರತೊಡಗಿದರೆ ಮತ್ತೆ ವೈದ್ಯರಿಗೆ ತೋರಿಸಿ.

ಉತ್ತರ 1:
ಇನ್ನೊಂದು ಮಾತು. ಹರೆಯದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಇದು ಸ್ವಲ್ಪವಾದರೂ ಇರುತ್ತದೆಂದು ಅವಳಿಗೆ ಹೇಳಿ. ನಿಮ್ಮ ತೋಳಿನಲ್ಲಿಯೂ ಇದ್ದರೆ, ಅವಳ ಕೈಯನ್ನು ಅದರ ಮೇಲೆ ಇಡಿಸಿ.